ಏಳು ನಿಮಿಷದ ಆಟ, ಹದಿನೇಳು ತಿಂಗಳ ಪಾಠ



ಹೋದ ಸಲದ ಗೋಡೆ ಪತ್ರಿಕೆಯಲ್ಲಿ ಗೆಳೆಯರು ಮಲಪ್ರಭಾ ನದಿಯ ಬಗ್ಗೆ ಬರೆದಿದ್ದರು. ಅದರ ಹಿಂದಿನ ಸಲ ಬಾದಾಮಿ ಗುಹೆಗಳ ಬಗ್ಗೆ ಬಂದಿತ್ತು. ಈ ಸಲ ಕ್ರೀಡಾ ವಿಭಾಗ ನನ್ನ ಪಾಲಿಗೆ ಬಂದಿದೆ. "ಯಾರರ ಒಬ್ಬ ಆಟಗಾರನ ಪರಿಚಯ ಬರಿ, ಆದ್ರ ನುಸ್ತಾ ಹೊಗಳಿ ಬರೀಬ್ಯಾಡ, ಓದಿದವರಿಗೆ ಒಂದು ಪಾಠ ಸಿಗಬೇಕು" ಎಂದು ಕನ್ನಡ ಗುರುಗಳು ಹೇಳಿದರು. ನಾನು ಬ್ರೆಜಿಲ್ ದೇಶದ ಫುಟ್‌ಬಾಲ್ ಆಟಗಾರ ರೊನಾಲ್ಡೊ ಅವರನ್ನು ಆರಿಸಿಕೊಂಡೆ. ಜೊತೆಗೆ ನಮ್ಮ ಕರ್ನಾಟಕದ ಇಬ್ಬರು ಆಟಗಾರರ ಮಾತೂ ಬರುತ್ತದೆ. ಮೂವರ ಕಥೆಯೂ ಗಾಯದ ಕಥೆಯೇ. ಯಾಕೆ ಈ ವಿಷಯ ಅಂದರೆ, ಅದಕ್ಕೆ ಕಾರಣ ನನ್ನ ಎಡಗಾಲು.

ನನ್ನ ಕಾಲಿನ ಕಥೆ

ಹೋದ ವರ್ಷ ವಲಯ ಮಟ್ಟದ ಕಬಡ್ಡಿಯಲ್ಲಿ ನಾನು ನಮ್ಮ ಶಾಲೆಯ ರೈಡರ್ ಆಗಿದ್ದೆ ಎಂಬುದು ನಿಮಗೆಲ್ಲ ಗೊತ್ತು. ನಾವು ಗೆದ್ದೆವು. ಆದರೆ ಕೊನೆಯ ರೈಡಿನಲ್ಲಿ ನನ್ನ ಎಡ ಮೊಣಕಾಲು ಒಳಗೆ ತಿರುವಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಬಾವು ಬಂತು. ಅಮ್ಮ ಅರಿಶಿನ-ಸುಣ್ಣ ಹಚ್ಚಿದಳು. ಅಜ್ಜಿ ಎಣ್ಣಿ ಕಾಸಿ ಗಸಗಸ ತಿಕ್ಕಿದಳು. ಮೂರು ದಿನಕ್ಕೆ ಬಾವು ಇಳಿಯಿತು, ನೋವು ಉಳಿಯಿತು. ಹನ್ನೆರಡು ದಿನಕ್ಕೆ ತಾಲೂಕು ಮಟ್ಟದ ಪಂದ್ಯ ಇತ್ತು.

ಆಟದ ಮಾಸ್ತರಿಗೆ ಹೇಳಿದರೆ ಹೆಸರು ತೆಗೀತಾರ ಅಂತ ನಾನು ಹೇಳಲೇ ಇಲ್ಲ. ಜೊತೆಗಾರ ಒಬ್ಬನಿಗೆ ಮಾತ್ರ ಗೊತ್ತಾಯಿತು. ಅವನು ಬ್ಯಾಡ ಅಂದ. ಅವನಿಗೆ ನಾನು ಕೊಟ್ಟ ಉತ್ತರ: "ಕುಂಬ್ಳೆ ದವಡಿ ಮುರದ್ರೂ ಬೌಲಿಂಗ್ ಮಾಡ್ಲಿಲ್ಲೇನು? ಇದೇನ್ ದೊಡ್ಡದು!"

ತಾಲೂಕು ಪಂದ್ಯದಲ್ಲಿ ನನ್ನ ಎರಡನೇ ರೈಡು. ಯಾರೂ ನನ್ನನ್ನು ಹಿಡಿದಿರಲಿಲ್ಲ. ಹೊರಳಿ ಗೆರೆ ಕಡೆ ಬರಲು ಎಡಗಾಲು ಊರಿದೆ. ಕಾಲು ನಿಲ್ಲಲಿಲ್ಲ. ಆಮೇಲೆ ನನ್ನನ್ನು ಇಬ್ಬರು ಹೆಗಲ ಮೇಲೆ ಕೈ ಹಾಕಿಸಿಕೊಂಡು ಹೊರಗೆ ತಂದರು. ನಾವು ಆ ಪಂದ್ಯ ಸೋತೆವು. ಎಲುಬಿನ ಡಾಕ್ಟರು ನೋಡಿ, ಮೊಣಕಾಲಿನ ಒಳಬದಿಯ ಅಸ್ಥಿರಜ್ಜು ಅರ್ಧ ಹರಿದಿದೆ ಎಂದರು. "ಮೊದಲ ಸಲ ಬಂದಿದ್ರ ಮೂರ್ನಾಲ್ಕು ವಾರದಾಗ ಮುಗೀತಿತ್ತು. ಈಗ ನಾಕು ತಿಂಗಳು" ಎಂದರು. ಆ ಸಲದ ಬನಶಂಕರಿ ಜಾತ್ರೆಯಲ್ಲಿ ತೇರು ಎಳೆಯುವಾಗ ನಾನು ಕಟ್ಟೆಯ ಮೇಲೆ ಕುಂತು ನೋಡಿದೆ. ಹಗ್ಗಕ್ಕೆ ಕೈ ಹಚ್ಚಲಿಲ್ಲ.

ಆ ನಾಲ್ಕು ತಿಂಗಳಲ್ಲಿ ನಮ್ಮ ಆಟದ ಮಾಸ್ತರರು ತಮ್ಮ ಮೊಬೈಲಿನಲ್ಲಿ ನನಗೆ ಒಂದು ಹಳೆಯ ಪಂದ್ಯ ತೋರಿಸಿದರು. "ನೋಡಪಾ, ನಿನ್ನಂಗ ಒಬ್ಬ ಬಿದ್ದಾನು" ಎಂದರು. ಅವರೇ ರೊನಾಲ್ಡೊ.

ಇವರು ಯಾವ ರೊನಾಲ್ಡೊ?

ಈಗಿನ ಹುಡುಗರಿಗೆ ರೊನಾಲ್ಡೊ ಅಂದರೆ ಪೋರ್ಚುಗಲ್ ದೇಶದ ಕ್ರಿಸ್ಟಿಯಾನೊ ರೊನಾಲ್ಡೊ. ನಾನು ಬರೆಯುತ್ತಿರುವುದು ಅವರ ಬಗ್ಗೆ ಅಲ್ಲ. ಇವರು ಅವರಿಗಿಂತ ಹಿರಿಯರು. ಪೂರ್ಣ ಹೆಸರು ರೊನಾಲ್ಡೊ ಲೂಯಿಸ್ ನಜಾರಿಯೊ ಡಿ ಲಿಮಾ. 1976ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಹುಟ್ಟಿದರು. ಬಡವರ ಮನೆಯ ಹುಡುಗ.

ಇವರು ಆಡುತ್ತಿದ್ದ ಜಾಗಕ್ಕೆ ಸ್ಟ್ರೈಕರ್ ಎನ್ನುತ್ತಾರೆ. ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು. ನಮ್ಮ ಕಬಡ್ಡಿಯ ರೈಡರ್ ಇದ್ದಂಗ ಅನ್ನಬಹುದು. ರೈಡರನ ಸುತ್ತ ಎದುರಾಳಿಗಳು ಇರುವಂತೆ ಸ್ಟ್ರೈಕರನ ಸುತ್ತಲೂ ಎದುರಾಳಿಗಳೇ. ಅವನು ಓಡುತ್ತ ಓಡುತ್ತ ಗಕ್ಕನೆ ನಿಲ್ಲಬೇಕು, ನಿಂತಲ್ಲಿಂದ ಹೊರಳಬೇಕು, ಮತ್ತೆ ಓಡಬೇಕು. ಈ ಮೂರೂ ಕೆಲಸದ ಭಾರ ಬೀಳುವುದು ಮೊಣಕಾಲಿನ ಮೇಲೆ. ಆದ್ದರಿಂದ ಮೊದಲು ಮೊಣಕಾಲು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳೋಣ.

ಮೊಣಕಾಲಿನ ರಚನೆ

ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ. ಮೇಲೆ ರಾಟೆ, ಅದರ ಮೇಲೆ ಹಗ್ಗ, ಹಗ್ಗದ ತುದಿಗೆ ಕೊಡ. ನಾವು ಈ ಕಡೆ ಜಗ್ಗಿದರೆ ಆ ಕಡೆ ಕೊಡ ಏಳುತ್ತದೆ. ಮೊಣಕಾಲು ಸುಮಾರು ಹೀಗೆಯೇ ಇದೆ. ತೊಡೆಯ ಮುಂಭಾಗದಲ್ಲಿ ನಾಲ್ಕು ದೊಡ್ಡ ಸ್ನಾಯುಗಳಿವೆ. ಅವು ಕೆಳಗೆ ಬರುತ್ತ ಒಂದಾಗಿ ಮಂಡಿಚಿಪ್ಪಿಗೆ ಕೂಡುತ್ತವೆ. ಮಂಡಿಚಿಪ್ಪು ರಾಟೆಯ ಕೆಲಸ ಮಾಡುತ್ತದೆ. ಮಂಡಿಚಿಪ್ಪಿನಿಂದ ಕೆಳಗಿನ ಕಾಲೆಲುಬಿಗೆ ಒಂದು ಗಟ್ಟಿಯಾದ ಪಟ್ಟಿ ಇದೆ. ಇದು ಮಂಡಿಚಿಪ್ಪಿನ ರಜ್ಜು. ತೊಡೆಯ ಸ್ನಾಯು ಜಗ್ಗಿದಾಗ ಈ ರಜ್ಜು ಕಾಲನ್ನು ಮುಂದಕ್ಕೆ ಚಾಚುತ್ತದೆ. ನಿಮ್ಮ ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಕಾಲು ಚಾಚಿ ನೋಡಿರಿ, ಅದು ಬಿಗಿಯಾಗುವುದು ಕೈಗೆ ತಿಳಿಯುತ್ತದೆ.

ಇನ್ನು ಎಲುಬಿಗೂ ಎಲುಬಿಗೂ ಕಟ್ಟಿರುವ ಬೇರೆ ಪಟ್ಟಿಗಳಿವೆ. ಅವು ಅಸ್ಥಿರಜ್ಜುಗಳು. ಒಳಬದಿಗೆ ಒಂದು, ಹೊರಬದಿಗೆ ಒಂದು, ನಡುವೆ ಗುಣಾಕಾರ ಚಿಹ್ನೆಯಂತೆ ಎರಡು. ನನ್ನದು ಹರಿದದ್ದು ಒಳಬದಿಯದು.

ಇವುಗಳ ಒಂದು ಗುಣ ನೆನಪಿಡಬೇಕು. ಸ್ನಾಯುಗಳಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಆದ್ದರಿಂದ ಅವು ಬೇಗ ಮಾಯುತ್ತವೆ. ರಜ್ಜುಗಳಲ್ಲಿ ರಕ್ತನಾಳ ಕಡಿಮೆ, ಆದ್ದರಿಂದ ಅವು ನಿಧಾನವಾಗಿ ಮಾಯುತ್ತವೆ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಈ ಎರಡರ ನಡುವಿನ ದಿನಗಳೇ ಮೋಸದ ದಿನಗಳು. ನಾನು ಮೋಸ ಹೋದದ್ದು ಅಲ್ಲಿಯೇ.

ಏರಿದ ದಾರಿ

ರೊನಾಲ್ಡೊ 1993ರಲ್ಲಿ, 16 ವರ್ಷದವರಿದ್ದಾಗ, ಬ್ರೆಜಿಲಿನ ಕ್ರುಜೇರೊ ತಂಡದಲ್ಲಿ ಆಡತೊಡಗಿದರು. 1994ರ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಲ್ಲಿ 17 ವರ್ಷದ ಇವರೂ ಇದ್ದರು, ಆದರೆ ಒಂದು ಪಂದ್ಯಕ್ಕೂ ಮೈದಾನಕ್ಕೆ ಇಳಿಸಲಿಲ್ಲ. ಅಲ್ಲಿಂದ ಹಾಲೆಂಡಿನ ಪಿಎಸ್‌ವಿ ತಂಡಕ್ಕೆ ಹೋದರು. 1996ರಲ್ಲೇ ಅಲ್ಲಿ ಮೊಣಕಾಲಿಗೆ ಒಂದು ಶಸ್ತ್ರಚಿಕಿತ್ಸೆ ಆಯಿತು. ನಂತರ ಸ್ಪೇನಿನ ಬಾರ್ಸಿಲೋನಾ ತಂಡದಲ್ಲಿ ಒಂದೇ ವರ್ಷದಲ್ಲಿ 49 ಪಂದ್ಯಗಳಿಂದ 47 ಗೋಲು ಹೊಡೆದರು. 1997ರಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡ ಸೇರಿದರು. ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಬಂತು. ಆಗ ಅವರಿಗೆ 21 ವರ್ಷ.

1998ರ ವಿಶ್ವಕಪ್ ಫೈನಲ್ ದಿನ ಅವರಿಗೆ ಫಿಟ್ಸ್ ಬಂದು ಆಸ್ಪತ್ರೆಗೆ ಒಯ್ದರು. ಆದರೂ ಸಂಜೆ ಮೈದಾನಕ್ಕೆ ಇಳಿದರು. ಅಂದು ಅವರ ಆಟ ನಡೆಯಲಿಲ್ಲ. ಫ್ರಾನ್ಸ್ ತಂಡ 3-0 ಗೋಲುಗಳಿಂದ ಗೆದ್ದಿತು.

ಎರಡು ಸಲ ಬಿದ್ದದ್ದು

ಮೊದಲ ದೊಡ್ಡ ಪೆಟ್ಟು 1999ರ ನವೆಂಬರ್ 21ರಂದು. ಲೆಚ್ಚೆ ತಂಡದ ವಿರುದ್ಧ ಆಡುವಾಗ ಬಲ ಮೊಣಕಾಲಿನ ಮಂಡಿಚಿಪ್ಪಿನ ರಜ್ಜು ಹರಿಯಿತು. ಪೂರ್ತಿ ಅಲ್ಲ, ಒಂದಿಷ್ಟು. ಶಸ್ತ್ರಚಿಕಿತ್ಸೆ ಆಯಿತು.

ಸುಮಾರು ಐದು ತಿಂಗಳು ಕಳೆದವು. ಲೆಕ್ಕ ಹಾಕಿದರೆ 143 ದಿನ. 2000ನೇ ಇಸವಿ ಏಪ್ರಿಲ್ 12ರಂದು ರೋಮ್ ನಗರದಲ್ಲಿ ಲಾಜಿಯೊ ತಂಡದ ವಿರುದ್ಧ ಇಟಲಿ ಕಪ್ ಫೈನಲಿನ ಮೊದಲ ಪಂದ್ಯ. ದ್ವಿತೀಯಾರ್ಧದಲ್ಲಿ ರೊನಾಲ್ಡೊ ಬದಲಿ ಆಟಗಾರನಾಗಿ ಒಳಗೆ ಬಂದರು. ಆಡಿದ್ದು ಸುಮಾರು ಏಳೇ ನಿಮಿಷ.

ಮಾಸ್ತರರ ಮೊಬೈಲಿನಲ್ಲಿ ನಾನು ನೋಡಿದ್ದು ಇದನ್ನೇ. ಚೆಂಡು ಅವರ ಕಾಲಿಗೆ ಬರುತ್ತದೆ. ಅವರು ಎದುರಾಳಿಯ ಕಡೆ ಓಡುತ್ತಾರೆ. ಚೆಂಡಿನ ಮೇಲಿಂದ ಕಾಲು ಆಡಿಸಿ ಎದುರಾಳಿಗೆ ಹುಸಿ ತೋರಿಸುತ್ತಾರೆ. ಅದು ಅವರ ಹೆಸರಾಂತ ವರಸೆ. ಬಲಗಾಲು ನೆಲಕ್ಕೆ ಊರಿದ ಕೂಡಲೇ ಮೊಣಕಾಲು ಕುಸಿಯುತ್ತದೆ. ಯಾರೂ ಅವರನ್ನು ಹೊಡೆದಿರಲಿಲ್ಲ, ಎಡವಿಸಿರಲಿಲ್ಲ. ಅವರು ಮೊಣಕಾಲು ಹಿಡಿದುಕೊಂಡು ಚೀರುತ್ತಾರೆ. ಎದುರು ತಂಡದವರೂ ಗಾಬರಿಯಾಗಿ ಕೈ ಬೀಸಿ ಡಾಕ್ಟರನ್ನು ಕರೆಯುತ್ತಾರೆ. ಈ ಸಲ ರಜ್ಜು ಪೂರ್ತಿ ಹರಿದಿತ್ತು. ಕೆಳಗೆ ಹಿಡಿದಿಡುವ ಹಗ್ಗ ಇಲ್ಲವಾದಾಗ ತೊಡೆಯ ಸ್ನಾಯುಗಳು ಮಂಡಿಚಿಪ್ಪನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತವೆ. ಅವರಿಗೂ ಹಾಗೆಯೇ ಆಯಿತು.

ಅದನ್ನು ನೋಡಿ ನಾನು ಮೊಬೈಲು ತಿರುಗಿ ಕೊಟ್ಟೆ. ನನ್ನ ತಾಲೂಕು ಪಂದ್ಯವನ್ನೇ ಯಾರೋ ಚಿತ್ರ ತೆಗೆದಂತೆ ಅನಿಸಿತು.

ಒಂದು ಮಾತು ಪ್ರಾಮಾಣಿಕವಾಗಿ ಬರೆಯಬೇಕು. ರೊನಾಲ್ಡೊ ನನ್ನಂತೆ ಮುಚ್ಚಿಟ್ಟು ಆಡಿದವರಲ್ಲ. ಅವರಿಗೆ ಒಳ್ಳೆಯ ಡಾಕ್ಟರರು ಇದ್ದರು, ಐದು ತಿಂಗಳು ಕಾದಿದ್ದರು. ಆದರೂ ರಜ್ಜು ತಾಳಲಿಲ್ಲ. ಇದರಿಂದ ತಿಳಿಯುವುದೇನೆಂದರೆ ಕ್ಯಾಲೆಂಡರಿನ ದಿನ ಎಣಿಸಿದರಷ್ಟೇ ಸಾಲದು, ಕಾಲಿನ ಬಲವನ್ನೂ ಅಳೆಯಬೇಕು. ಐದು ತಿಂಗಳು ಕಾದವರಿಗೇ ಹೀಗಾದರೆ ಹನ್ನೆರಡು ದಿನ ಕಾದ ನಾನು ಯಾವ ಲೆಕ್ಕ?

ಹದಿನೇಳು ತಿಂಗಳು

ಎರಡನೇ ಶಸ್ತ್ರಚಿಕಿತ್ಸೆಯನ್ನು ಪ್ಯಾರಿಸ್ ನಗರದಲ್ಲಿ ಪ್ರೊಫೆಸರ್ ಜೆರಾರ್ ಸೈಯಾಂ ಎಂಬ ಹೆಸರಾಂತ ತಜ್ಞರು ಮಾಡಿದರು. ಇನ್ನು ರೊನಾಲ್ಡೊ ಆಡುವುದು ಅನುಮಾನ ಎಂದು ಬಹಳ ಜನ ಅಂದುಕೊಂಡರು. 2000-01ರ ಇಡೀ ಋತು ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಬ್ರೆಜಿಲಿನ ನಿಲ್ಟನ್ ಪೆಟ್ರೋನೆ ಎಂಬ ಫಿಜಿಯೊಥೆರಪಿಸ್ಟ್ ದಿನವೂ ಅವರಿಗೆ ವ್ಯಾಯಾಮ ಮಾಡಿಸಿದರು.

ಈ ವ್ಯಾಯಾಮ ಎಂದರೆ ನಾವು ತಿಳಿದಂತೆ ದಂಡ-ಬಸ್ಕಿ ಅಲ್ಲ. ಮೊದಲು ಮೊಣಕಾಲನ್ನು ಸ್ವಲ್ಪ ಸ್ವಲ್ಪವೇ ಮಡಚಲು ಕಲಿಸುತ್ತಾರೆ. ಆಮೇಲೆ ಭಾರವಿಲ್ಲದೆ ಕಾಲು ಎತ್ತುವುದು. ಆಮೇಲೆ ನೀರಿನಲ್ಲಿ ನಡೆಯುವುದು, ಏಕೆಂದರೆ ನೀರಿನಲ್ಲಿ ಮೈಭಾರ ಕಡಿಮೆ. ಆಮೇಲೆ ನೆಲದ ಮೇಲೆ ನಡಿಗೆ, ಓಟ, ಕೊನೆಗೆ ಹೊರಳಿ ಓಡುವುದು. ಒಂದನ್ನು ದಾಟದೆ ಇನ್ನೊಂದಕ್ಕೆ ಹೋಗುವಂತಿಲ್ಲ. ನಮ್ಮ ಶಾಲೆಯ ಕಾಪಿ ಪುಸ್ತಕದಂತೆ ಬರೆದದ್ದನ್ನೇ ಬರೆಯುವುದು, ಮಾಡಿದ್ದನ್ನೇ ಮಾಡುವುದು. ಚಪ್ಪಾಳೆ ಹೊಡೆಯುವವರು ಯಾರೂ ಇರುವುದಿಲ್ಲ.

ನನ್ನದು ಅಷ್ಟು ದೊಡ್ಡ ಗಾಯವಲ್ಲ. ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ. ಆದರೆ ಅದರ ಬ್ಯಾಸರ ಎಂಥಾದ್ದು ಎಂದು ನನಗೆ ಗೊತ್ತು. ಡಾಕ್ಟರು ಒಂದು ಉಪಾಯ ಹೇಳಿದ್ದರು: ಪ್ರತಿ ರವಿವಾರ ಎರಡೂ ತೊಡೆಯನ್ನು ಟೇಪಿನಿಂದ ಅಳೆಯುವುದು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಅಮ್ಮ ಕುಬಸ ಹೊಲಿಯುವ ಟೇಪಿನಿಂದ ಅಳೆದಾಗ ಮೊದಲ ವಾರ ಎಡ ತೊಡೆ ಬಲಕ್ಕಿಂತ ಮೂರು ಸೆಂಟಿಮೀಟರ್ ಕಡಿಮೆ ಇತ್ತು. ನಾನು ಗಣಿತದ ನೋಟಬುಕ್ಕಿನ ಕೊನೆಯ ಹಾಳೆಯಲ್ಲಿ ಪ್ರತಿ ವಾರದ ಅಳತೆ ಬರೆದೆ. ಮೂರು ವಾರ ಒಂದೇ ಅಂಕಿ. ನಾಲ್ಕನೇ ವಾರ ಅರ್ಧ ಸೆಂಟಿಮೀಟರ್ ಏರಿತು. ಅಂದು ಅಮ್ಮ ಹೋಳಿಗಿ ಮಾಡಿದ್ದಳು ಅಂದ್ರ ನೀವು ನಗಬಹುದು.

ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ ಡಾಕ್ಟರು ಹೇಳಿದಂತೆ ಬನಶಂಕರಿ ಗುಡಿಯ ಮುಂದಿನ ಹೊಂಡದ ಪಾವಟಿಗಿ ಹತ್ತಿ ಇಳಿಯುತ್ತಿದ್ದೆ. ಹತ್ತುವುದಕ್ಕಿಂತ ಇಳಿಯುವುದೇ ಮೊಣಕಾಲಿಗೆ ಕಷ್ಟ ಎಂಬುದು ನನಗೆ ಅಲ್ಲಿಯೇ ತಿಳಿಯಿತು.

ಯೊಕೊಹಾಮಾದ ಸಂಜೆ

ರೊನಾಲ್ಡೊ 2001ರ ಸೆಪ್ಟೆಂಬರಿನಲ್ಲಿ ಇಂಟರ್ ತಂಡದ ಪರವಾಗಿ ಮತ್ತೆ ಸ್ಪರ್ಧೆಯ ಪಂದ್ಯಕ್ಕೆ ಇಳಿದರು. ಬಿದ್ದ ದಿನದಿಂದ 17 ತಿಂಗಳು ಆಗಿತ್ತು. ಆದರೂ ದಾರಿ ನೆಟ್ಟಗೆ ಇರಲಿಲ್ಲ. ತೊಡೆಯ ಸ್ನಾಯುಗಳು ಮತ್ತೆ ಮತ್ತೆ ಹಿಡಿದವು. 2002ರ ಮೇ 5ರಂದು ಇಂಟರ್ ತಂಡ ಋತುವಿನ ಕೊನೆಯ ಪಂದ್ಯ ಸೋತು ಇಟಲಿಯ ಲೀಗ್ ಪಟ್ಟ ಕಳೆದುಕೊಂಡಿತು. ಎದುರಾಳಿ ಅದೇ ಲಾಜಿಯೊ, ಊರು ಅದೇ ರೋಮ್. ಅಂದು ಅವರು ಬೆಂಚಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಅತ್ತರು.

ಅದಾದ ಎಂಟು ವಾರಕ್ಕೆ ಏನಾಯಿತು ನೋಡಿರಿ. ಬ್ರೆಜಿಲಿನ ತರಬೇತುದಾರ ಲೂಯಿಸ್ ಫೆಲಿಪೆ ಸ್ಕೊಲಾರಿ ಇವರ ಮೇಲೆ ನಂಬಿಕೆ ಇಟ್ಟು ವಿಶ್ವಕಪ್ ತಂಡಕ್ಕೆ ಆರಿಸಿದರು. 2002ರ ವಿಶ್ವಕಪ್ ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆಯಿತು. ರೊನಾಲ್ಡೊ ಹೊಡೆದ ಗೋಲುಗಳ ಪಟ್ಟಿ ಹೀಗಿದೆ:

ಟರ್ಕಿ ವಿರುದ್ಧ — 1
ಚೀನಾ ವಿರುದ್ಧ — 1
ಕೋಸ್ಟರಿಕಾ ವಿರುದ್ಧ — 2
ಬೆಲ್ಜಿಯಂ ವಿರುದ್ಧ — 1
ಟರ್ಕಿ ವಿರುದ್ಧ (ಸೆಮಿಫೈನಲ್) — 1
ಜರ್ಮನಿ ವಿರುದ್ಧ (ಫೈನಲ್) — 2
ಒಟ್ಟು — 8

ಬ್ರೆಜಿಲ್ ಆಡಿದ ಏಳು ಪಂದ್ಯಗಳಲ್ಲಿ ಇಂಗ್ಲೆಂಡ್ ವಿರುದ್ಧದ ಒಂದು ಪಂದ್ಯ ಬಿಟ್ಟು ಎಲ್ಲದರಲ್ಲೂ ಅವರ ಗೋಲು ಇದೆ. ಫೈನಲ್ ನಡೆದದ್ದು ಜೂನ್ 30ರಂದು, ಜಪಾನಿನ ಯೊಕೊಹಾಮಾದಲ್ಲಿ. ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್ ಆ ಟೂರ್ನಿಯಲ್ಲಿ ಫೈನಲಿಗೆ ಬರುವ ತನಕ ಒಂದೇ ಗೋಲು ಬಿಟ್ಟಿದ್ದವರು. 67ನೇ ನಿಮಿಷದಲ್ಲಿ ರೊನಾಲ್ಡೊ ಚೆಂಡು ಕಳೆದುಕೊಂಡು ಬಿದ್ದರು. ಬಿದ್ದವರು ಎದ್ದು ಹೋಗಿ ಎದುರಾಳಿಯಿಂದ ಚೆಂಡು ಕಸಿದುಕೊಂಡು ರಿವಾಲ್ಡೊಗೆ ಕೊಟ್ಟರು. ರಿವಾಲ್ಡೊ ಹೊಡೆದ ಚೆಂಡು ಕಾನ್ ಕೈಯಿಂದ ಜಾರಿತು. ಓಡಿ ಬಂದ ರೊನಾಲ್ಡೊ ಅದನ್ನು ಗೋಲಿಗೆ ತಳ್ಳಿದರು. 79ನೇ ನಿಮಿಷಕ್ಕೆ ಇನ್ನೊಂದು. ಬ್ರೆಜಿಲ್ 2-0 ಗೆದ್ದಿತು. ಆ ವರ್ಷ ಬ್ಯಾಲನ್ ಡಿ'ಓರ್ ಮತ್ತೆ ಅವರಿಗೇ ಬಂತು.

ನಾನು ಗಮನಿಸಿದ ಸಂಗತಿ ಇನ್ನೊಂದಿದೆ. ಗಾಯದ ಹಿಂದಿನ ರೊನಾಲ್ಡೊ ಮೈದಾನದ ನಡುವಿನಿಂದ ನಾಲ್ಕೈದು ಜನರನ್ನು ದಾಟಿಕೊಂಡು ಓಡುತ್ತಿದ್ದರು. ಗಾಯದ ನಂತರದ ರೊನಾಲ್ಡೊ ಹಾಗೆ ಓಡುವುದು ಕಡಿಮೆ ಮಾಡಿದರು. ಎಲ್ಲಿ ನಿಂತರೆ ಚೆಂಡು ಬರುತ್ತದೆ ಎಂದು ಮೊದಲೇ ತಿಳಿದು ಅಲ್ಲಿ ನಿಲ್ಲುತ್ತಿದ್ದರು. ಅಂದರೆ ಹಳೆಯ ಕಾಲು ಅವರಿಗೆ ಮರಳಿ ಸಿಗಲಿಲ್ಲ. ಸಿಕ್ಕ ಕಾಲಿನಿಂದ ಹೊಸ ಆಟ ಕಲಿತರು. ಹಾಗೆ ಕಲಿತು ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡಕ್ಕೆ 100ಕ್ಕಿಂತ ಹೆಚ್ಚು ಗೋಲು ಹೊಡೆದರು. 2006ರಲ್ಲಿ ವಿಶ್ವಕಪ್ಪಿನಲ್ಲಿ ಒಟ್ಟು 15 ಗೋಲು ಹೊಡೆದು ಆಗಿನ ದಾಖಲೆ ಮಾಡಿದರು. 2014ರಲ್ಲಿ ಜರ್ಮನಿಯ ಕ್ಲೋಸೆ 16ನೇ ಗೋಲು ಹೊಡೆದು ಅದನ್ನು ಮುರಿದರು.

2008ರ ಫೆಬ್ರುವರಿಯಲ್ಲಿ ಎ.ಸಿ. ಮಿಲಾನ್ ತಂಡದಲ್ಲಿ ಆಡುವಾಗ ಈ ಸಲ ಎಡ ಮೊಣಕಾಲಿನ ರಜ್ಜು ಹರಿಯಿತು. ಮತ್ತೆ ಚಿಕಿತ್ಸೆ, ಮತ್ತೆ ಕಾಯುವುದು. 2009ರಲ್ಲಿ ತಮ್ಮ ದೇಶದ ಕೊರಿಂಥಿಯನ್ಸ್ ತಂಡದಲ್ಲಿ ಮತ್ತೆ ಆಡಿ ಎರಡು ಕಪ್ ಗೆದ್ದರು. 2011ರ ಫೆಬ್ರುವರಿ 14ರಂದು, ಮೈ ಇನ್ನು ತಾಳುವುದಿಲ್ಲ ಎಂದು ಒಪ್ಪಿಕೊಂಡು ನಿವೃತ್ತಿ ಹೇಳಿದರು.

ನಮ್ಮ ನಾಡಿನ ಮುಂಚೂಣಿ ಆಟಗಾರ

ಇದು ದೂರದ ದೇಶದ ಮಾತಾಯಿತು, ನಮ್ಮಲ್ಲಿ ಇಂಥವರು ಇಲ್ಲವೇ ಎಂದು ನಾನು ಮಾಸ್ತರರನ್ನು ಕೇಳಿದೆ. ಅವರು ಎಸ್.ವಿ. ಸುನೀಲ್ ಅವರ ಹೆಸರು ಹೇಳಿದರು. ಇವರು ಕೊಡಗಿನ ಸೋಮವಾರಪೇಟೆಯವರು, ಹಾಕಿ ಆಟಗಾರರು. ಹಾಕಿಯಲ್ಲಿ ಫಾರ್ವರ್ಡ್ ಎಂದರೆ ಫುಟ್‌ಬಾಲಿನ ಸ್ಟ್ರೈಕರ್ ಇದ್ದಂತೆ. ಇವರ ವೇಗ ದೇಶಕ್ಕೆಲ್ಲ ಗೊತ್ತಿತ್ತು. 2007ರಿಂದ ಭಾರತ ತಂಡಕ್ಕೆ ಆಡಿದರು. 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್ ಆಡಿದರು. 2014ರ ಏಶಿಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು.

2018ರ ಕೊನೆಗೆ ಹಾಕಿ ವಿಶ್ವಕಪ್ ನಮ್ಮ ದೇಶದಲ್ಲೇ, ಒಡಿಶಾದ ಭುವನೇಶ್ವರದಲ್ಲಿ ಇತ್ತು. ಸ್ವಂತ ದೇಶದ ಜನರ ಮುಂದೆ ವಿಶ್ವಕಪ್ ಆಡುವುದು ಯಾವ ಆಟಗಾರನಿಗೆ ಬೇಡ? ಅದಕ್ಕೆ ಎರಡು ತಿಂಗಳೂ ಇಲ್ಲದಿರುವಾಗ ಸುನೀಲರ ಮೊಣಕಾಲಿಗೆ ಗಾಯವಾಯಿತು. ಅವರು ವಿಶ್ವಕಪ್ ಆಡಲಿಲ್ಲ. ಆದರೆ 2019ರಲ್ಲಿ ಮರಳಿ ಬಂದರು. ಆ ವರ್ಷದ ನವೆಂಬರಿನಲ್ಲಿ ಅದೇ ಭುವನೇಶ್ವರದಲ್ಲಿ ಒಲಿಂಪಿಕ್ಸ್ ಅರ್ಹತೆಗಾಗಿ ರಶಿಯಾ ವಿರುದ್ಧ ಭಾರತ 4-2ರಿಂದ ಗೆದ್ದಾಗ ಒಂದು ಗೋಲು ಸುನೀಲರದು. ಮುಂದೆ ಕಂಚು ಗೆದ್ದ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. 2021ರ ಅಕ್ಟೋಬರಿನಲ್ಲಿ ನಿವೃತ್ತರಾದರು. ಕಾದವರಿಗೆಲ್ಲ ಕಪ್ ಸಿಗುತ್ತದೆ ಅಂತ ನಾನು ಬರೆಯುವುದಿಲ್ಲ. ಕಾದವರಿಗೆ ಮತ್ತೆ ಆಡುವುದು ಸಿಗುತ್ತದೆ. ಅದೇನು ಸಣ್ಣದಲ್ಲ.

ಕುಂಬ್ಳೆ ಅವರ ದವಡೆ ಮತ್ತು ಕುಂಬ್ಳೆ ಅವರ ಭುಜ

ಈಗ ನಾನು ಮೊದಲು ಹೇಳಿದ ಕುಂಬ್ಳೆ ಮಾತಿಗೆ ಬರುತ್ತೇನೆ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ಅನಿಲ್ ಕುಂಬ್ಳೆ ಬ್ಯಾಟ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ಆದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಬೌಲಿಂಗ್ ಮಾಡಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಈ ಕಥೆ ನಮಗೆಲ್ಲ ಬಾಯಿಪಾಠ.

ನಾನು ಇದನ್ನು ಹೇಳಿದಾಗ ಮಾಸ್ತರರು ಕೇಳಿದರು: "ತಮ್ಮಾ, ಕುಂಬ್ಳೆ ದವಡಿಲೆ ಬೌಲಿಂಗ್ ಮಾಡ್ತಿದ್ರೇನು?"

ನಾನು ಸುಮ್ಮನೆ ನಿಂತೆ.

"ಅವರು ಅಷ್ಟು ಓವರ್ ಹಾಕಿ ಏನ್ ಮಾಡಿದ್ರು ಗೊತ್ತೈತೇನು? ಬೆಂಗಳೂರಿಗೆ ಬಂದು ಆಪರೇಷನ್ ಮಾಡಿಸ್ಕೊಂಡ್ರು. ಆ ಕಡೀ ಅರ್ಧಾ ಕಥಿ ಯಾರೂ ಹೇಳಾಂಗಿಲ್ಲ. ಮತ್ತ ಅದರ ಹಿಂದಿನ ವರ್ಷ ಅವರ ಭುಜ ಕೆಟ್ಟಿತ್ತಲ್ಲ, ಆವಾಗ ಏನ್ ಮಾಡಿದ್ರು?"

ನಾನು ಆಮೇಲೆ ಓದಿ ತಿಳಿದುಕೊಂಡೆ. ಬೌಲಿಂಗ್ ಮಾಡುವ ಭುಜಕ್ಕೇ ಗಾಯವಾದಾಗ ಕುಂಬ್ಳೆ ಆಡಲಿಲ್ಲ. 2001ರ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ಸಮಯದಲ್ಲಿ ಭಾರತದಲ್ಲೇ ಆಸ್ಟ್ರೇಲಿಯಾ ವಿರುದ್ಧ ಹೆಸರಾಂತ ಸರಣಿ ನಡೆಯಿತು. ಹರ್ಭಜನ್ ಸಿಂಗ್ ಆ ಸರಣಿಯಲ್ಲಿ 32 ವಿಕೆಟ್ ತೆಗೆದರು. ಕುಂಬ್ಳೆ ಹೊರಗೆ ಕುಳಿತು ನೋಡಿದರು. ಆ ವರ್ಷದ ನವೆಂಬರಿನಲ್ಲಿ ಟೆಸ್ಟ್ ಕ್ರಿಕೆಟಿಗೆ ಮರಳಿದರು. ಅವರ 300ನೇ ವಿಕೆಟ್ ಬಂದದ್ದು ಅದರ ನಂತರ. ಒಟ್ಟು ತೆಗೆದದ್ದು 619. ಅಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟ್‌ಗಳು ಭುಜ ಕೆಟ್ಟು ಸುಧಾರಿಸಿದ ಮೇಲೆ ಬಂದವು!

ಮನುಷ್ಯ ಒಬ್ಬರೇ, ಧೈರ್ಯ ಒಂದೇ. ದವಡೆಗೆ ಪೆಟ್ಟಾದಾಗ ಅದು ಆಡಲು ಹೇಳಿತು, ಭುಜಕ್ಕೆ ಪೆಟ್ಟಾದಾಗ ನಿಲ್ಲಲು ಹೇಳಿತು. ನಾವು ದವಡೆಯ ಕಥೆಯನ್ನಷ್ಟೇ ಹೇಳುತ್ತೇವೆ, ಭುಜದ ಕಥೆಯನ್ನು ಬಿಟ್ಟುಬಿಡುತ್ತೇವೆ.

ನೆನಪಿಡಬೇಕಾದ ಅಂಶಗಳು

1. ಮೊಣಕಾಲು ಅಥವಾ ಹರಡು ತಿರುವಿದರೆ ಆಟ ಅಲ್ಲಿಗೇ ನಿಲ್ಲಿಸಬೇಕು. "ಇದೊಂದು ರೈಡು" ಎನ್ನಬಾರದು.
2. ಬರ್ಫದ ತುಂಡನ್ನು ಅರಿವೆಯಲ್ಲಿ ಸುತ್ತಿ 15-20 ನಿಮಿಷ ಇಡಬೇಕು. ಬರ್ಫ ಸಿಗದಿದ್ದರೆ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಅರಿವೆ ಆದೀತು.
3. ಹದವಾಗಿ ಪಟ್ಟಿ ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಡಬೇಕು.
4. ಮೊದಲ ಎರಡು-ಮೂರು ದಿನ ಬಿಸಿ ಎಣ್ಣೆ ಹಚ್ಚಿ ತಿಕ್ಕಬಾರದು, ಬಾವು ಹೆಚ್ಚಾಗುತ್ತದೆ. (ಅಜ್ಜಿಯರು ಕ್ಷಮಿಸಬೇಕು.)
5. ಕಾಲೂರಲು ಬಾರದಿದ್ದರೆ, ಬಾವು ಬೇಗನೆ ಏರಿದರೆ, ಮೊಣಕಾಲು ಕುಸಿದಂತೆ ಅನಿಸಿದರೆ ಡಾಕ್ಟರಿಗೆ ತೋರಿಸಲೇಬೇಕು.
6. ನೋವು ಹೋಯಿತು ಅಂದರೆ ಗುಣವಾಯಿತು ಅಂತ ಅಲ್ಲ. ಎರಡೂ ಕಾಲಿನ ಬಲ ಸಮ ಆಗಬೇಕು.

ಕೊನೆಯ ಮಾತು

ಈ ವರ್ಷ ಡಾಕ್ಟರು ನನಗೆ ಆಡಲು ಹೇಳಿದ್ದಾರೆ. ಟೇಪಿನ ಅಳತೆ ಎರಡೂ ಕಡೆ ಸಮ ಬಂದಿದೆ. ನಾನು ರೈಡಿಗೆ ಹೋಗುತ್ತೇನೆ, ಆದರೆ ಹೋದ ವರ್ಷದಷ್ಟು ಜಿಗಿಯುವುದಿಲ್ಲ. ಎದುರಾಳಿಯ ಕಾಲು ನೋಡಿ ಆಡುವುದನ್ನು ಕಲಿಯುತ್ತಿದ್ದೇನೆ.

ವಲಯ ಮಟ್ಟದ ಪಂದ್ಯಕ್ಕೆ ಇನ್ನು ಎರಡು ವಾರ ಇದೆ. ನಮ್ಮ ತಂಡದಲ್ಲಿ ಒಬ್ಬನು ಮೂರು ದಿನದಿಂದ ಪ್ಯಾಂಟಿನ ಒಳಗೆ ಪಟ್ಟಿ ಸುತ್ತಿಕೊಂಡು ಪ್ರಾಕ್ಟೀಸಿಗೆ ಬರುತ್ತಿದ್ದಾನೆ. ಪಾವಟಿಗಿ ಇಳಿಯುವಾಗ ಗ್ವಾಡಿ ಹಿಡಿಯುತ್ತಾನೆ. ಕೇಳಿದರೆ "ಏನಿಲ್ಲೋ, ಉಳುಕ್ಯದ ಅಷ್ಟ" ಅಂತಾನೆ. ಹೋದ ವರ್ಷ ನನಗೆ ಬ್ಯಾಡ ಅಂದವನೂ ಅವನೇ. ಅವನ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಮಾಸ್ತರರಿಗೂ ಹೇಳಿಲ್ಲ. ಹೇಳಿದರೆ ಚಾಡಿ ಹೇಳಿದಂಗ ಆಗತೈತಿ, ಹೇಳದಿದ್ದರೆ ಅವನ ಕಾಲು ಹೋಗತೈತಿ. ಎರಡು ದಿನ ಯೋಚಿಸಿ ಈ ಲೇಖನ ಬರೆದೆ.

ಗೆಳೆಯಾ, ನೀನು ಇದನ್ನು ಓದೇ ಓದುತ್ತಿ, ಯಾಕಂದ್ರ ಈ ಗೋಡೆ ನಮ್ಮ ವರ್ಗದ ಬಾಗಿಲ ಪಕ್ಕದಲ್ಲೇ ಇದೆ. ನೀನಿಲ್ಲದಿದ್ದರೆ ನಾವು ವಲಯದಲ್ಲಿ ಸೋಲಬಹುದು. ಸೋತರೆ ಸೋಲೋಣ, ಮುಂದಿನ ವರ್ಷ ಹತ್ತನೇ ಇಯತ್ತೆಯಲ್ಲಿ ಇಬ್ಬರೂ ಕೂಡಿ ಆಡೋಣ. ಓದಿ ಮುಗಿಸಿದ ಮೇಲೆ ಆಟದ ಮಾಸ್ತರರ ಕೋಣಿ ಹತ್ತಿರ ಬಾ. ನಾನು ಸಣ್ಣ ಬಿಡುವಿನಲ್ಲಿ ಅಲ್ಲಿಯೇ ನಿಂತಿರುತ್ತೇನೆ. ಒಳಗೆ ಇಬ್ಬರೂ ಕೂಡಿ ಹೋಗೋಣ. ಅಮ್ಮನ ಟೇಪು ನನ್ನ ಪಾಟಿಚೀಲದಲ್ಲಿ ಐತಿ.

— ಒಂಬತ್ತನೇ ಇಯತ್ತೆಯ ವಿದ್ಯಾರ್ಥಿ, ಕ್ರೀಡಾ ವಿಭಾಗ